ಹರಿ ಅನ್ನು

ತಪ್ಪು ನನ್ನದೇ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ.

ಕೊಲ್ಲಿ ದೇಶದಲ್ಲಿ, ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ನನ್ನ ಗಂಡ ಪುಟ್ಟಯ್ಯ ದಿನಾ ಬೆಳಿಗ್ಗೆ ಅಡುಗೆಮನೆಯ ಕಪಾಟು ತೆರೆದು, ಒಳಗಿದ್ದ ದೇವರ ಪಟಕ್ಕೆ ಕೈಮುಗಿಯುತ್ತಿದ್ದರು. ಮಗಳು ಯಾಮಿನಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ಅವರಿಗೆ ಆಸೆ. ನಾನು ಬಿಡುತ್ತಿರಲಿಲ್ಲ. ನಮ್ಮಪ್ಪ ನನ್ನನ್ನು ಕಿವಿ ಹಿಂಡಿ ಭಜನೆಗೆ ಕೂರಿಸುತ್ತಿದ್ದದ್ದು ಮರೆತಿರಲಿಲ್ಲ. "ಹೋಮ್‌ವರ್ಕ್ ಮಾಡ್ಲಿ ಬಿಡ್ರೀ, ದೇವ್ರೆಲ್ಲೂ ಓಡಿಹೋಗಲ್ಲ" ಅನ್ನುತ್ತಿದ್ದೆ. ಎದುರು ಮನೆಯ ಮಮ್ಮಾಲಿಯ ಐದು ವರ್ಷದ ಮಗ ಅಪ್ಪನ ಪಕ್ಕ ನಿಂತು ನಮಾಜು ಮಾಡುವುದನ್ನು ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ಅದಕ್ಕೂ ಸಿಟ್ಟು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಸೆಪ್ಟೆಂಬರಿಗೆ ಇವರ ಎದೆನೋವಿನ ಮಾತ್ರೆ ಮುಗಿಯಿತು. ಮಮ್ಮಾಲಿ ಊರೆಲ್ಲ ಅಲೆದು ಬರಿಗೈಯಲ್ಲಿ ಬಂದ. "ಎಲ್ಲಿಯೂ ಸಿಗ್ಲಿಲ್ಲ ಅಕ್ಕ, ಖಲಾಸ್" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

ಆ ಶುಕ್ರವಾರ ಮಧ್ಯಾಹ್ನ ಇವರಿಗೆ ಉಸಿರು ಸಿಕ್ಕಲಿಲ್ಲ. ನನ್ನ ಕೈ ಹಿಡಿದು, "ಮಗೂ ಬಾಯಲ್ಲಿ ಒಂದ್ಸಲ ದೇವ್ರ ಹೆಸ್ರು ಹೇಳ್ಸು ಮಣಿ" ಅಂದರು. ಎಂಟು ವರ್ಷದ ಯಾಮಿನಿಯನ್ನು ಎಳೆದು ತಂದು ಅಪ್ಪನ ಕಿವಿಯ ಹತ್ತಿರ ಬಗ್ಗಿಸಿದೆ.

"ಹರಿ ಹರಿ ಅನ್ನು. ಅನ್ನೇ ಬೇಗ" ಎಂದು ಗದರಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಹರಿ, ಡ್ಯಾಡಿ. ಹರಿ, ಹರಿ" ಅಂದಳು.

"ಓಕೆ, ಪುಟ್ಟೀ" ಅಂದರು ಇವರು. ಅದೇ ಅವರ ಕೊನೆಯ ಮಾತು. ಅವರ ಆಸೆಯೊಂದು ತೀರಿತಲ್ಲ ಎಂದು ಆ ಅಳುವಿನಲ್ಲೂ ನನಗೆ ಸಮಾಧಾನವಾಗಿತ್ತು.

ಹತ್ತು ದಿನ ಯಾಮಿನಿ ಬಾಯಿ ಬಿಡಲಿಲ್ಲ. ನಮ್ಮನ್ನೆಲ್ಲ ಊರಿಗೆ ಕಳಿಸಲೆಂದು ಬಾಗ್ದಾದಿನ ಕಡೆ ಹೊರಟ ಬಸ್ಸಿನಲ್ಲಿ, ಕಿಟಕಿಯತ್ತ ಮುಖ ಮಾಡಿಕೊಂಡೇ ಕೇಳಿದಳು: "ಮಮ್ಮೀ, ವೈ ಡಿಡ್ ಯು ಮೇಕ್ ಮಿ ಸೇ ಹರಿ ಅಪ್? ಡ್ಯಾಡಿ ಸೆಡ್ ಓಕೆ."

ಬೇಗ ಹೋಗು ಎಂದು ಅಪ್ಪನನ್ನು ತಾನೇ ಅವಸರ ಮಾಡಿ ಕಳಿಸಿದೆ ಎಂದುಕೊಂಡಿತ್ತು ಮಗು. ಹತ್ತು ದಿನ ಅದನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅವಳನ್ನು ಅವುಚಿಕೊಂಡೆ.

"ಅಲ್ಲ ಕಣೇ ಕಂದಾ. ಹರಿ ಅಂದ್ರೆ ದೇವ್ರ ಹೆಸ್ರು."

"ಡಿಡ್ ಡ್ಯಾಡಿ ನೋ?" ಅಂದಳು.

"ಗೊತ್ತಿತ್ತು" ಅಂದೆ.

ಅವರಿಗೆ ದೇವರ ಹೆಸರು ಕೇಳಿಸಿತೋ, ಬೇಗ ಹೋಗು ಅಂತ ಕೇಳಿಸಿತೋ, ನಾನು ಹೇಗೆ ಹೇಳಲಿ? ನನಗಂತೂ ಸರಿಯಾಗಿ ಬರಲ್ಲ, ನೀವಾದರೂ ಮಗಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಎಂಟು ವರ್ಷ ಅವರ ಪ್ರಾಣ ತಿಂದವಳು ನಾನೇ.