ಕನ್ನಡಿಯೊಳಗಿನ ಎದುರಾಳಿ

ಸಿಡ್ನಿಯ ರೈಲು ನಿಲ್ಲುವ ಕೊನೆಯ ಬಡಾವಣೆ ನಮ್ಮದು. ಬೀದಿ ಮುಗಿದಲ್ಲಿ ಮರಳದಿಬ್ಬ, ಅದರ ಬೆನ್ನಿಗೆ ಸಮುದ್ರ. ಮನೆಗಳಿಗೂ ದಿಬ್ಬಕ್ಕೂ ನಡುವೆ ಒಂದು ಪಟ್ಟಿ ಕುರುಚಲು ಕಾಡು ಉಳಿದಿದೆ. ಅಲ್ಲಿನ ಪುಟ್ಟ ಹಕ್ಕಿಗಳನ್ನು ಎಣಿಸುವ ಕೆಲಸ ನನ್ನದೂ ಪಕ್ಕದ ಮನೆಯ ಮೇವಿಸಳದೂ. ಗೊತ್ತುಮಾಡಿದ ಜಾಗದಲ್ಲಿ ಅಲ್ಲಾಡದೆ ಕೂತು, ಕಂಡದ್ದನ್ನೂ ಕೇಳಿದ್ದನ್ನೂ ನಗರಸಭೆಯ ಇಂಗ್ರಿಡ್‌ಗೆ ತಿಳಿಸಬೇಕು. ಹುಡುಗಿ ಒಳ್ಳೆಯವಳು, ನಿಯಮ ಮಾತ್ರ ಬಿಡುವವಳಲ್ಲ.

ಈ ವಸಂತಕ್ಕೆ ನೀಲಿ ರೆನ್ ಹಕ್ಕಿಗಳ ಸಂಸಾರದಲ್ಲಿ ಒಂದು ಗಂಡು ಮಾತ್ರ ಉಳಿದಿತ್ತು. ಹೆಬ್ಬೆರಳಿನಷ್ಟು ಮೈ, ಸೆಟೆದು ನಿಂತ ಬಾಲ, ನೆತ್ತಿಯ ಮೇಲೆ ಹೊಳೆಯುವ ನೀಲಿ. ಅದರ ಹೆಣ್ಣನ್ನು ಯಾರ ಮನೆಯದೋ ಬೆಕ್ಕು ಗೂಡಿನಿಂದಲೇ ಎತ್ತಿಕೊಂಡು ಹೋಗಿತ್ತು. ಶಾಲೆಯ ಆಟದ ಮೈದಾನದಾಚೆ, ಹಳ್ಳದ ಬದಿಯಲ್ಲಿ ಬೇರೆ ರೆನ್‌ಗಳೇನೋ ಇದ್ದವು. ಆದರೆ ಈ ಜಾತಿಗೆ ಬಯಲೆಂದರೆ ಭಯ. ಪೊದೆಯಿಂದ ಪೊದೆಗೆ ಹಾರಿಯೇ ಅದು ಊರು ಬದಲಿಸುವುದು. ಮೈದಾನದ ಅಂಚಿಗೆ ಪೊದೆಸಾಲು ನೆಟ್ಟು ಎರಡೂ ಕಡೆಯನ್ನು ಸೇರಿಸಬೇಕೆಂದು ಇಂಗ್ರಿಡ್ ನಮ್ಮ ಬಡಾವಣೆಯಲ್ಲೇ ಗಿಡ ಬೆಳೆಸಿಟ್ಟಿದ್ದಳು. ತಿಂಗಳ ಕೊನೆಯ ಎಣಿಕೆಯಲ್ಲಿ ಒಂದಾದರೂ ರೆನ್ ನಮ್ಮ ಕಾಡಿನಲ್ಲಿ ಕಾಣಿಸಬೇಕು. ಇಲ್ಲದಿದ್ದರೆ ಗಿಡಗಳು ಬೇರೆ ಊರಿಗೆ.

ಉಳಿದ ಆ ಒಂದು ಹಕ್ಕಿ ದಿನವಿಡೀ ಮೇವಿಸಳ ಗಂಡ ಕ್ಲೆಮ್‌ನ ಕಾರಿನ ಕನ್ನಡಿಯನ್ನು ಕುಕ್ಕುತ್ತಿತ್ತು. ಕನ್ನಡಿಯಲ್ಲಿ ಇನ್ನೊಂದು ಗಂಡಿದೆ, ತನ್ನ ಜಾಗಕ್ಕೆ ಬಂದಿದೆ ಎಂದು ಅದರ ಎಣಿಕೆ.

"ಬೆರಿಲ್, ನಿನ್ ಅಳಿಯ ಬಂದ ನೋಡು," ಕ್ಲೆಮ್ ಬೇಲಿಯಾಚೆಯಿಂದ ಕೂಗುತ್ತಿದ್ದ. "ಕಾರಿಗೆಲ್ಲ ಹಿಕ್ಕೆ. ಒರೆಸೋಕೆ ಅತ್ತೆ ಬರ್ತಾಳೋ?"

"ನಿನ್ ಕಾರು ನೀರು ಕಂಡು ಯಾವ ಕಾಲ ಆಯ್ತೋ! ಅವನಾದ್ರೂ ಒದ್ದೆ ಮಾಡ್ತಾನಲ್ಲ, ಸುಮ್ನಿರು."

ಮೇವಿಸ್ ನಗಲಿಲ್ಲ. "ಕೊಕ್ಕಲ್ಲಿ ರಕ್ತ ಕಣೇ. ತಿನ್ನೋದನ್ನೂ ಬಿಟ್ಟಿದೆ. ಕಾಲುಚೀಲ ಹಾಕೋಣ."

ವಸಂತ ಬಂದರೆ ನಮ್ಮ ಬೀದಿಯವರು ಕಾರಿನ ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸುವುದುಂಟು. ಹಕ್ಕಿಯ ಮೇಲಿನ ಕನಿಕರ ಅದು. ಆದರೂ ನನಗೆ ಮನಸ್ಸು ಬರಲಿಲ್ಲ.

"ಅದಕ್ಕೆ ಕಾಣೋ ಇನ್ನೊಂದು ರೆನ್ ಅಂದ್ರೆ ಅದೊಂದೇ ಅಲ್ವೇನೇ? ಅದನ್ನೂ ಮುಚ್ಚಿದ್ರೆ ಇಲ್ಲಿ ನಿಲ್ಲುತ್ತಾ?"

"ಮುಚ್ಚದಿದ್ರೆ ಎಣಿಕೆಗೆ ಮೊದ್ಲೇ ಸಾಯುತ್ತೆ."

"ಜಗಳ ಆಡೋಕಾದ್ರೂ ಒಬ್ರು ಬೇಕಪ್ಪ," ಎಂದ ಕ್ಲೆಮ್. "ನನ್ನೇ ನೋಡಿ."

"ಬಾಯ್ ಮುಚ್ಚು, ಕಾಲುಚೀಲ ತಗೊಂಬಾ," ಎಂದಳು ಮೇವಿಸ್.

ಸತ್ತ ಹಕ್ಕಿಯನ್ನು ಎಣಿಸಲಾಗದು. ನಾನೂ ಒಪ್ಪಿದೆ. ಬೀದಿಯ ಮನೆಮನೆಗೂ ಹೋಗಿ ಹೇಳಿದೆವು. ಎಲ್ಲರೂ ಸಂತೋಷದಿಂದಲೇ ಕನ್ನಡಿ ಮುಚ್ಚಿದರು.

ಹಕ್ಕಿ ಮೊದಲು ಕಾಲುಚೀಲದ ಮೇಲೆ ಕೂತು ಬಗ್ಗಿ ನೋಡಿತು. ಸುತ್ತ ಹಾರಿತು. ಆಮೇಲೆ ಬೇಲಿಗಿಡದ ತುದಿಯಲ್ಲಿ ಕೂತು ಹಾಡಿತು, ನಿಲ್ಲಿಸಿ ಕಿವಿಗೊಟ್ಟಿತು, ಮತ್ತೆ ಹಾಡಿತು. ಹುಳ ಹಿಡಿದು ತಿಂದದ್ದನ್ನು ನೋಡಿ ಮೇವಿಸ್ ನನ್ನ ಕೈ ಅದುಮಿದಳು. ಮರುದಿನ ಅದು ಕಾರಿನಿಂದ ಕಾರಿಗೆ ಹಾರುತ್ತ ಬೀದಿಯುದ್ದಕ್ಕೂ ಹೋಯಿತು, ಬಯಲೆಂಬ ಭಯವನ್ನೇ ಮರೆತಂತೆ. ರೈಲು ನಿಲ್ದಾಣದ ಕಡೆ ತಿರುಗಿದ್ದೇ ನಾವು ಕಂಡ ಕೊನೆ. ಮೇವಿಸ್ ಕ್ಲೆಮ್‌ನ ಕಾರಿನ ಕಾಲುಚೀಲ ಕಿತ್ತು ಎಸೆದಳು. ಹಕ್ಕಿ ಮರಳಿ ಬರಲಿಲ್ಲ.

ಎಣಿಕೆಯ ದಿನ ಇಂಗ್ರಿಡ್ ಬಂದಳು. ಕಾಡಿನಲ್ಲಿ ಗಂಟಲು ಹರಿದುಕೊಳ್ಳುವ ಬೂದು ಹಕ್ಕಿಗಳು, ಕಾಗೆ, ಇಷ್ಟೇ.

"ಹೋದ ವಾರ ಇತ್ತು," ಎಂದಳು ಮೇವಿಸ್. "ನಾನೇ ನೋಡಿದೀನಿ. ಬೆರಿಲ್ ನೋಡಿದಾಳೆ."

"ಇವತ್ತು ಕಂಡಿದ್ದಷ್ಟೇ ಲೆಕ್ಕ, ಮೇವಿಸ್. ನಿಮಗೆ ಗೊತ್ತಲ್ಲ."

"ಗೊತ್ತಮ್ಮ," ಎಂದೆ ನಾನು.

"ಬೇಕಾದ್ರೆ ನಾನೇ ಪೊದೇಲಿ ಕೂತು ಹಾಡ್ತೀನಿ," ಎಂದ ಕ್ಲೆಮ್. ಯಾರೂ ನಗದಿದ್ದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಉಳಿದ ಜಾಗಗಳಲ್ಲೂ ಕೂತೆವು. ನಿಯಮ ನಿಯಮವೇ.

ಮುಂದಿನ ವಾರ ಗಿಡ ಒಯ್ಯಲು ಲಾರಿ ಬಂತು. ಮಂಡಿಯೆತ್ತರ ಬೆಳೆದು, ಕೆಲವು ಮೊಗ್ಗೂ ಬಿಟ್ಟಿದ್ದವು. ಏರಿಸಲು ನಾವೇ ಕೈಜೋಡಿಸಿದೆವು. ದಾರಿ ದೂರ, ಬಾಡದಿರಲೆಂದು ಮೇವಿಸ್ ಎಲ್ಲಕ್ಕೂ ನೀರು ಹಾಕಿದಳು.