ಸಿಂದಗಿ ಬಸ್ಸಿನ ಕೆಸರು

ಆ ವರ್ಷ ಉತ್ತರಿ ಮಳೆ ಉತ್ತರ ಕೊಡದೆ ಹೋಯಿತು. ಹಸ್ತಿ ಮಳೆ ಬರಿಗೈ ತೋರಿಸಿ ಹೋಯಿತು. ಚಿತ್ತಿ ಮಳೆಯ ಚಿತ್ತ ಎಲ್ಲಿತ್ತೋ ಯಾರಿಗೂ ತಿಳಿಯಲಿಲ್ಲ. ಅದು ಮುಗಿಯಲು ನಾಲ್ಕೇ ದಿನ ಉಳಿದಾಗ ಮನಗೂಳಿಯ ಮಂದಿ ಮುಗಿಲು ನೋಡುವುದನ್ನು ಬಿಟ್ಟು ಬಸ್ಸಿನ ಗಾಲಿ ನೋಡುತ್ತ ಕೂತಿದ್ದರು.

ಈ ವಿದ್ಯೆ ಕಲಿಸಿದವನು ಬಾಬುಲಾಲ. ಅವನ ಚಹಾದಂಗಡಿ ಇದ್ದದ್ದು ಬಸ್ಸು ನಿಲ್ಲುವ ಬೇವಿನ ಗಿಡದ ಎದುರಿಗೆ. ಇಂಡಿಯಿಂದ, ಸಿಂದಗಿಯಿಂದ, ಮುದ್ದೇಬಿಹಾಳದಿಂದ, ಬಾಗೇವಾಡಿಯಿಂದ ಬರುವ ಕೆಂಪು ಬಸ್ಸುಗಳೆಲ್ಲ ಅಲ್ಲಿ ಹತ್ತು ನಿಮಿಷ ಉಸಿರು ಬಿಟ್ಟು ಮುಂದೆ ಹೋಗುತ್ತಿದ್ದವು. ಯಾವ ಊರಲ್ಲಿ ಮಳೆ ಬಿದ್ದರೂ ಅದರ ಗುರುತು ಗಾಲಿಗೋ ಮಡಗಾರ್ಡಿಗೋ ಅಂಟಿಕೊಂಡು ಬರಲೇಬೇಕಲ್ಲ. ಬಾಬುಲಾಲ ಸಾಲಿ ಹುಡುಗರ ಒಂದು ಒಡಕು ಪಾಟಿ ತಂದು ಅಂಗಡಿಯ ಗೋಡೆಗೆ ತೂಗುಹಾಕಿ, ನಾಲ್ಕೂ ತಾಲೂಕಿನ ಹೆಸರು ಬರೆದು, ಬಸ್ಸು ಬಂದಂತೆಲ್ಲ ಎದುರಿಗೆ ಹವಾಮಾನ ಬರೆಯುತ್ತಿದ್ದ. ಐದು ವಾರದಿಂದ ನಾಲ್ಕು ಹೆಸರಿನ ಮುಂದೂ ಒಂದೇ ಮಾತಿತ್ತು: ಧೂಳ. ಅದನ್ನು ದಿನಾ ಅಳಿಸಿ ದಿನಾ ಬರೆಯುತ್ತಿದ್ದ. ಹಳೇ ಧೂಳಿಗೂ ಹೊಸಾ ಧೂಳಿಗೂ ಫರಕ್ ಐತಿ ಎಂದು ಅವನ ವಾದ.

ಬಸ್ಸು ನಿಂತದ್ದೇ ತಡ, ಏಳೆಂಟು ಮಂದಿ ದೊಡ್ಡವರು ಎದ್ದು ಹೋಗಿ ನಾಲ್ಕೂ ಗಾಲಿಗೆ ಬಗ್ಗುತ್ತಿದ್ದರು. ಹೊಸದಾಗಿ ಬಂದ ಕಂಡಕ್ಟರನೊಬ್ಬ ಇವರು ಬಸ್ಸಿಗೆ ನಮಸ್ಕಾರ ಮಾಡುವ ಪಂಥದವರೆಂದು ತಿಳಿದು ತಾನೂ ಕೈ ಮುಗಿದಿದ್ದ.

ಇವರಲ್ಲಿ ಹಿರಿಯರು ಪಾಂಡುರಂಗ ಮಾಸ್ತರು. ಮೂವತ್ತು ವರ್ಷ ಸಾಲಿ ಕಲಿಸಿ ಮನೆಗೆ ಬಂದವರು. ಬಾಬುಲಾಲನ ಅಂಗಡಿಯಲ್ಲಿ ದಿನಾ ಕೂಡುತ್ತಿದ್ದರೂ ಅಲ್ಲಿ ಚಹಾ ಕುಡಿದವರಲ್ಲ, ನೀರು ಮುಟ್ಟಿದವರಲ್ಲ. ಕೂಡಲು ಮನೆಯಿಂದಲೇ ಒಂದು ಮಣೆ ತರುತ್ತಿದ್ದರು. ಆದರೆ ಬಸ್ಸಿನ ಗಾಲಿಯಲ್ಲಿ ಎಲ್ಲಾದರೂ ಹಸಿ ಮಣ್ಣು ಸಿಕ್ಕರೆ ಕಿರುಬೆರಳಿನ ಉಗುರಿನಿಂದ ಕೆರೆದು, ತೀರ್ಥ ತೊಗೊಂಡಂತೆ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದರು. ಕರಿ ಎರಿ ಮಣ್ಣೋ ಕೆಂಪು ಮಸಾರಿಯೋ, ಯಾವ ಸೀಮೆಯದೋ ಹೇಳುತ್ತಿದ್ದರು. ನನ್ನ ಚಹಾ ಮೈಲಿಗಿ, ಗಾಲಿ ಮಣ್ಣು ಮಡಿ ಏನ್ರಿ ಎಂದು ಬಾಬುಲಾಲ ಕೆಣಕಿದರೆ, ಮಣ್ಣಿಗೆ ಎಲ್ಲಿ ಮೈಲಿಗೆಯೋ ಹುಚ್ಚಾ, ನಾವೆಲ್ಲ ಅದರದೇ ಬೆಳೆ ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ಇಂದೂಬಾಯಿ ಮಾತ್ರ ಬಾಯಿ ಮುಕ್ಕಳಿಸದೆ ಅವರನ್ನು ಒಳಗೆ ಬಿಡುತ್ತಿರಲಿಲ್ಲ.

ಬಾಬುಲಾಲನಿಗೆ ಇನ್ನೊಂದು ವಿದ್ಯೆ ಇತ್ತು. ಅವನ ಗಂಟಲಲ್ಲಿ ಇಂಡಿಯ ಬಸ್ಸು ಕೆಮ್ಮುತ್ತಿತ್ತು, ಮುದ್ದೇಬಿಹಾಳದ ಬಸ್ಸು ಗೊರಕೆ ಹೊಡೆಯುತ್ತಿತ್ತು, ಮಾಸ್ತರು ಪಾಠ ಹೇಳುತ್ತಿದ್ದರು, ಅವರೆದುರಿಗೇ. ಊರು ನಕ್ಕಿತು ಅನ್ನಿ. ನಗದವಳು ಅವನ ಹೆಂಡತಿ ಹಜರಾಬಿ ಒಬ್ಬಳೇ. ಎರಡು ವರ್ಷದ ಕೆಳಗೆ ಅವಳು ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿ ಕೆಳಗೆ ಬಂದಾಗ, ಇವನು ಖಾಲಿ ಹಿಟ್ಟಿನ ಡಬ್ಬಿಯಲ್ಲಿ ಮುಖ ಇಟ್ಟು ಗುಡುಗಿದ್ದ. ಅವಳು ಎದ್ದೂ ಬಿದ್ದೂ ಮೆಟ್ಟಿಲು ಹತ್ತಿ, ಹಸಿ ಸಂಡಿಗೆಯನ್ನೆಲ್ಲ ಸೀರೆಯಲ್ಲಿ ಬಾಚಿಕೊಂಡ ಮೇಲೆ ಮುಗಿಲು ನೋಡಿದರೆ ರಣ ಬಿಸಿಲು. ಅಂದಿನಿಂದ ಅವನು ಹಾಲು ಉಕ್ಕಿತೆಂದರೂ ಅವಳು ಬಂದು ಕಣ್ಣಾರೆ ನೋಡಿಯೇ ಉರಿ ಸಣ್ಣ ಮಾಡುತ್ತಿದ್ದಳು. ಅವನ ಪಾಟಿಯ ಕಡೆಗಂತೂ ತಿರುಗಿಯೂ ನೋಡುತ್ತಿರಲಿಲ್ಲ. ಇದೊಂದು ಬಾಬುಲಾಲನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆಯಂತೆ ಚುಚ್ಚುತ್ತಿತ್ತು.

ಆ ಹಜರಾಬಿಯ ಬಳಿ ಒಂದು ಮಣ್ಣಿನ ಹರವಿ ತುಂಬ ಜೋಳ ಇತ್ತು. ಗೊಳಸಂಗಿಯ ತವರಿನಿಂದ ಅವಳ ತಾಯಿ ಮದುವೆಯಲ್ಲಿ ಮಡಿಲಿಗೆ ಹಾಕಿ ಕಳಿಸಿದ ತಳಿ. ಮುತ್ತಿನಂಥ ಕಾಳು, ಅದರ ರೊಟ್ಟಿ ಮೂರನೆಯ ದಿನಕ್ಕೂ ಮಡಚಿದರೆ ಮುರಿಯುತ್ತಿರಲಿಲ್ಲ. ತವರಿನಲ್ಲಿ ಈಗ ಅದನ್ನು ಬೆಳೆಯುವವರಿರಲಿಲ್ಲ, ತಾಯಿಯೂ ಇರಲಿಲ್ಲ. ಪ್ರತಿವರ್ಷ ಬಿತ್ತಿ, ಆರಿಸಿದ ತೆನೆಯ ಬೀಜ ಎತ್ತಿಟ್ಟು, ಬೂದಿ ಬೆರೆಸಿ ಬಾಯಿ ಕಟ್ಟಿ ಮೂಲೆಯಲ್ಲಿ ಇಡುತ್ತಿದ್ದಳು. ಹೋದ ಬೆಳೆಯಲ್ಲಿ ಕೈಗೆ ಬಂದದ್ದು ಇಷ್ಟೇ, ಒಂದು ಹರವಿ. ನಾಲ್ಕೆಕರೆ ಎರಿ ಹೊಲಕ್ಕೆ ಸರಿಯಾಗಿ ಸಾಕು, ಒಂದು ಹಿಡಿ ಉಳಿಯುವುದಿಲ್ಲ.

ಅವಳ ಲೆಕ್ಕ ಹೀಗಿತ್ತು. ಎರಿ ಭೂಮಿ ಒಮ್ಮೆ ದೊಡ್ಡ ಮಳೆ ಕುಡಿದರೆ ಎಂಟು ದಿನ ಯಾರನ್ನೂ ಕಾಲಿಡಗೊಡುವುದಿಲ್ಲ. ಮಳೆ ಬಂದ ಮೇಲೆ ಬಿತ್ತುತ್ತೇನೆಂದರೆ ಹೊತ್ತು ಮೀರುತ್ತದೆ, ತಡವಾದ ಜೋಳ ಮೊಣಕಾಲೆತ್ತರಕ್ಕೆ ನಿಂತು ಮುನಿಸಿಕೊಳ್ಳುತ್ತದೆ. ಮಳೆಗಿಂತ ಒಂದು ದಿನ ಮೊದಲು ಒಣ ಮಣ್ಣಿನಲ್ಲೇ ಬಿತ್ತಿದರೆ ಬಂಗಾರ. ಆದರೆ ಬಿತ್ತಿದ ಮೇಲೆ ಮಳೆ ಬರದಿದ್ದರೆ? ಇರುವೆಗೂ ಗುಬ್ಬಿಗೂ ಹಬ್ಬ. ತಾಯಿಯ ತಳಿ ಅಲ್ಲಿಗೆ ಮುಗಿಯಿತು.

ಅಂಥ ದಿನಗಳಲ್ಲಿ, ಮಂಗಳವಾರ ಹನ್ನೊಂದರ ಸುಮಾರಿಗೆ, ಸಿಂದಗಿಯ ಬಸ್ಸು ಬಂತು.

ದೂರದಿಂದಲೇ ಬಾಬುಲಾಲನಿಗೆ ಏನೋ ಬೇರೆ ಎನಿಸಿತು. ಬಸ್ಸಿನ ಹಿಂದೆ ಧೂಳಿತ್ತು, ಆದರೆ ಕೆಳಗಿನ ಕೆಂಪು ಬಣ್ಣ ಕಾಣಿಸುತ್ತಿರಲಿಲ್ಲ. ಹತ್ತಿರ ಬಂತು ನೋಡಿ, ಗಾಲಿಯ ಒಳಮೈ, ಮಡಗಾರ್ಡು, ಹಿಂದಿನ ಏಣಿಯ ಕೆಳಗಿನ ಮೆಟ್ಟಿಲ ತನಕ ಕರಿ ಕೆಸರು. ಬೇವಿನ ನೆರಳಿನ ಮಂದಿ ಎದ್ದ ರಭಸಕ್ಕೆ ಎರಡು ಚಹಾದ ಕಪ್ಪು ಒಡೆದವು. ಒಬ್ಬ ಕೆಸರನ್ನು ಹಣೆಗೆ ಹಚ್ಚಿಕೊಂಡ. ಇನ್ನೊಬ್ಬ ಇಳಿಯುವವರ ಕಾಲಿನ ಮೆಟ್ಟು ಹಿಡಿದು ತಳ ನೋಡಹತ್ತಿದ. ಬಾಬುಲಾಲ ಕೈಯಿಂದಲೇ ಪಾಟಿ ಒರೆಸಿ, ಸಿಂದಗಿಯ ಮುಂದೆ ದಪ್ಪಕ್ಷರದಲ್ಲಿ ‘ಮಳಿ’ ಎಂದು ಬರೆದ. 

ಡ್ರೈವರ ಅಬ್ದುಲಗನಿ ಇಳಿದು ಬಂದು ಇದೇನು ಜಾತ್ರೆ ಎಂದು ಕೇಳಿದ. ನಾಲತವಾಡದಲ್ಲಿ ತಂಗಿಯ ಮದುವೆ ಮಾಡಿ ತಿಂಗಳ ರಜೆ ಮುಗಿಸಿ ಅವತ್ತೇ ಕೆಲಸಕ್ಕೆ ಬಂದಿದ್ದ. ಮಳೆ ಎಲ್ಲಿ ಹತ್ತಿತು ಎಂದು ಎಲ್ಲರೂ ಒಟ್ಟಿಗೆ ಕೇಳಿದರೆ, ಎಲ್ಲಿಯ ಮಳಿ, ಹಾದಿಯುದ್ದಕ್ಕೂ ಬಿಸಿಲು, ಡೋಣಿ ಹೊಳಿ ದಾಟುವಾಗ ನೀರಿನಲ್ಲಿ ಗಾಲಿ ಹುಗಿದು ಸಿಡಿದದ್ದು ಇದು ಎಂದ. ಎಷ್ಟೋ ವರ್ಷದಿಂದ ಅದೇ ಹಾದಿ, ಹೊಳೆ ಎಂದ ಮೇಲೆ ಕೆಸರು ಇದ್ದದ್ದೇ ಎಂಬ ಧಾಟಿ ಅವನದು.

ಎಲ್ಲರೂ ಮಾಸ್ತರ ಮುಖ ನೋಡಿದರು. ಮಾಸ್ತರು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟರು. ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖವೂ ಸಪ್ಪಗಿತ್ತು. ಮಣ್ಣು ಮಾತ್ರ ಸಪ್ಪಗಿರಲಿಲ್ಲ.

“ಉಪ್ಪು. ಡೋಣಿ ಮಣ್ಣ ಇದು. ಮಳಿ ಮಣ್ಣ ಹಿಂಗ ಇರೂದಿಲ್ಲೋ ಬಾಬು.”

ಡೋಣಿಯ ನೀರು ಉಪ್ಪೆಂಬುದು ಆ ಸೀಮೆಯ ಕೂಸಿಗೂ ಗೊತ್ತು. ಹಣೆಗೆ ಹಚ್ಚಿಕೊಂಡವನು ಒರೆಸಿಕೊಂಡ. ಬಾಬುಲಾಲ ‘ಮಳಿ’ ಅಳಿಸಿ ‘ಧೂಳ’ ಬರೆದ. ಮಂದಿ ತಂತಮ್ಮ ಮನೆಗೆ ಹೋದರು. ಮಾಸ್ತರು ಮಣೆ ಬಿಟ್ಟೇ ಹೋದರು.

ಊಟದ ಹೊತ್ತಿಗೆ ಹಜರಾಬಿ ಬುತ್ತಿ ತಂದು, ಒಲೆಯ ಮುಂದೆ ಕೂತು ಉರಿ ಕೂಡಿಸುತ್ತ, ಅಷ್ಟು ಗದ್ದಲ ಯಾಕೆ ಎದ್ದಿತ್ತೆಂದು ಕೇಳಿದಳು. ಬಾಬುಲಾಲನಿಗೆ ದುಃಖವಾದರೂ ನಾಟಕ ಬಿಡದ ಗಂಟಲು. ಕಪ್ಪು ಒಡೆದದ್ದು, ಮಾಸ್ತರು ಕಣ್ಣು ಮುಚ್ಚಿದ್ದು ಎಲ್ಲ ಮಾಡಿ ತೋರಿಸಿದ. ಆಮೇಲೆ ಅಬ್ದುಲಗನಿಯ ಬಸ್ಸು ಹೊಳೆ ದಾಟಿಸಿದ. ಎಂಜಿನ್ನು ಗುರ್ರೆಂದು ಮುಲುಗಿತು, ಗಾಲಿ ಪಚಕ್ ಪಚಕ್ ಎಂದು ಹುಗಿಯಿತು, ಛಳ್ಳೆಂದು ನೀರು ಸಿಡಿಯಿತು.

ಹಜರಾಬಿ ಊದುಗೊಳವಿ ಕೆಳಗಿಟ್ಟಳು.

“ಇನ್ನೊಮ್ಮೆ ಮಾಡ್ರಿ.”

ಹದಿನಾರು ವರ್ಷದ ಸಂಸಾರದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಅವನು ಹಿಗ್ಗಿ ಇನ್ನಷ್ಟು ನೀರು ಸಿಡಿಸಿದ.

“ಹೋದ ವಾರ ಹಿಪ್ಪರಗಿ ಸಂತಿಗೆ ಹೋಗಿ ಬಂದು ಇದ ಹೊಳಿ ದಾಟಿಸಿ ತೋರಿಸಿದ್ರಿ. ಅವತ್ತ ಹ್ಯಾಂಗ ಮಾಡಿದ್ರಿ?”

ಬಾಬುಲಾಲ ಬಾಯಿ ತೆರೆದ. ಖಟ ಖಟ ಖಟ ಎಂದು ಒಣ ಕಲ್ಲಿನ ಮೇಲೆ ಬಸ್ಸು ಕುಣಿಯಿತು, ಕಿಟಕಿಯ ಗಾಜು ಲಟಲಟ ಅಂದವು, ಕಂಡಕ್ಟರ ಧೂಳಿಗೆ ಸೀನಿದ. ಸೀನು ಅರ್ಧಕ್ಕೆ ನಿಂತಿತು.

“ಹೋದ ವಾರ ನಿಮ್ಮ ಬಾಯಾಗ ಹೊಳಿ ಒಣಗಿತ್ತು,” ಅಂದಳು ಹಜರಾಬಿ. “ಇವತ್ತ ತುಂಬೇತಿ. ನೀರ ಎಲ್ಲಿಂದ ಬಂತು?”

ಯಾರೂ ಕೇಳದ ಪ್ರಶ್ನೆ. ರಜೆಯಲ್ಲಿದ್ದ ಡ್ರೈವರನಿಗೆ ಹೊಳೆ ಒಣಗಿದ್ದೇ ಗೊತ್ತಿಲ್ಲ. ಮಾಸ್ತರಿಗೆ ಉಪ್ಪು ಸಿಕ್ಕಿತು, ಅದರ ಗುಂಗಿನಲ್ಲಿ ನೀರು ಮರೆತರು. ಮಳೆ ಸಿಂದಗಿಯಲ್ಲಿ ಬಿದ್ದಿಲ್ಲ, ಹಾದಿಯಲ್ಲೂ ಬಿದ್ದಿಲ್ಲ. ಹೊಳೆಯ ಮೇಲುಗಡೆ, ವಿಜಾಪುರದ ಆಚೆ, ಪಡುವಣಕ್ಕೆ ಬಿದ್ದಿದೆ. ಹಜರಾಬಿ ಒಲೆಯ ಕಡೆ ಬೆರಳು ತೋರಿಸಿದಳು. ತಿಂಗಳಿಂದ ವಿಜಾಪುರದ ಕಡೆಗೆ ಹೋಗುತ್ತಿದ್ದ ಹೊಗೆ ಅವತ್ತು ಬಾಗೇವಾಡಿಯ ಕಡೆಗೆ ಹೊರಟಿತ್ತು. ಮಳೆ ಇದ್ದ ಕಡೆಯಿಂದಲೇ ಗಾಳಿ ಬರುತ್ತಿತ್ತು.

ಅವಳು ಎದ್ದು ಸೆರಗು ಝಾಡಿಸಿಕೊಂಡು, ನಾಳೆ ಬೆಳಿಗ್ಗೆ ಬಿತ್ತುತ್ತೇನೆ, ಬಾಜು ಹೊಲದ ಭೀಮಶ್ಯಾನಿಗೆ ಎತ್ತು, ಬಿತ್ತುವ ಕೂರಿಗಿ ತರಲು ಹೇಳಿ ಬರ್ರಿ ಅಂದಳು.

 ಎರಡು ವರ್ಷ ತನ್ನ ಮಾತು ನಂಬಲಿ ಎಂದು ಕಾದ ಬಾಬುಲಾಲ, ನಂಬಿದ ಗಳಿಗೆಯಲ್ಲಿ ನಂಬಬ್ಯಾಡ ಎಂದು ಬೇಡಿಕೊಂಡ. ನಾನು ಸುಮ್ಮನೆ ಬಾಯಿಗೆ ಬಂದಂತೆ ಸಪ್ಪಳ ಮಾಡಿದೆ, ಇನ್ನೆರಡು ದಿನ ಬಸ್ಸು ನೋಡೋಣ ಅಂದ. ಅವಳು ಒಂದೇ ಮಾತು ಅಂದಳು: ಬಾಯಿಗೆ ಬಂದದ್ದು ಸುಳ್ಳಿರಬಹುದು, ಗಂಟಲಿಗೆ ಬಂದದ್ದು ಸುಳ್ಳಲ್ಲ, ಹೋದ ವಾರದ ಒಣ ಕಲ್ಲು ನೀವೇ ಕೇಳಿ ಬಂದದ್ದು, ಕೇಳಿದ್ದನ್ನು ಬಿಟ್ಟು ಬೇರೆ ನೀವು ಎಂದಾದರೂ ಮಾಡಿದ್ದುಂಟೇ. ಹೌದಲ್ಲ, ಎನಿಸಿತು ಅವನಿಗೆ.  ಭೀಮಶ್ಯಾನ ಮನೆಗೆ ಹೋಗುವ ಹಾದಿಯಲ್ಲಿ ಮಾಸ್ತರ ಮನೆಗೆ ಮಣೆ ಕೊಟ್ಟು ವಿಷಯ ಹೇಳಿದ. ಮಾಸ್ತರು ಹಣೆ ಬಡಿದುಕೊಂಡು, ಮೂವತ್ತು ವರ್ಷ ಹುಡುಗರಿಗೆ ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ ಅಂತ ಹೇಳಿದವ ನಾನು, ಎಂದು ಒಳಗೆ ಹೋದರು.

ಬುಧವಾರ ಬೆಳಿಗ್ಗೆ ಹೊಲದ ಬದುವಿನಲ್ಲಿ ಇಪ್ಪತ್ತು ಮಂದಿ ಕೂಡಿದ್ದರು. ನೆತ್ತಿಯ ಮೇಲೆ ಮೋಡದ ತುಂಡಿಲ್ಲ. ಒಣ ಎರಿ ಬಾಯಿ ತೆರೆದು ಬಿದ್ದಿತ್ತು. ಭೀಮಶ್ಯಾ ಕೂರಿಗಿ ಹೂಡಿ, “ಅಕ್ಕಾ, ಇದು ಗುಬ್ಬಿಗೆ ಬುತ್ತಿ ಕಟ್ಟಿದಂಗ ಆಕ್ಕೈತಿ ನೋಡು,” ಅಂದ. ಹಜರಾಬಿ ಹರವಿಯ ಬಾಯಿ ಬಿಚ್ಚಿ, ಮೊದಲ ಹಿಡಿ ತೆಗೆದು ಹಣೆಗೆ ಒತ್ತಿಕೊಂಡು, ಕೂರಿಗಿಯ ಬಟ್ಟಲಿಗೆ ಕಾಳು ಬಿಡತೊಡಗಿದಳು. ಬದುವಿನ ಮೇಲಿನವರು ಬಾಬುಲಾಲನಿಗೆ ನಿನ್ನ ಗಂಟಲಿನಿಂದ ನಾಲ್ಕು ಹನಿ ಉದುರಿಸೋ ಅಂದರು. ಅವನು ಎಲೆ ಅಡಿಕೆ ಬಾಯಿ ತುಂಬ ತುಂಬಿಕೊಂಡು, ನೇಗಿಲಿನ ಸಾಲಿನಂತೆ ಹಣೆಯಲ್ಲಿ ಗೆರೆ ಮಾಡಿಕೊಂಡು ಹೆಂಡತಿಯ ಹಿಂದೆ ಹಿಂದೆ ನಡೆದ. ಒಂದೊಂದು ಹಿಡಿ ಬೀಜ ಮಣ್ಣಿಗೆ ಹೋದಾಗಲೂ ತನ್ನ ಎದೆಯಿಂದಲೇ ಹಿಡಿ ಹಿಡಿ ಹೋದಂತಾಗುತ್ತಿತ್ತು.

ಮೂರು ಪಾಲು ಮುಗಿದಿತ್ತು. ಹರವಿಯ ತಳ ಕಾಣುತ್ತಿತ್ತು. ಆಗ ಬೆನ್ನ ಹಿಂದೆ, ದೂರದಲ್ಲಿ, ದೊಡ್ಡ ಡಬ್ಬಿ ಉರುಳಿಸಿದಂತೆ ಗುಡುಗಿತು.

ಹಜರಾಬಿ ತಿರುಗಲಿಲ್ಲ. ಕಾಳು ಬಿಡುವ ಕೈಯೂ ನಿಲ್ಲಲಿಲ್ಲ.

“ಈಗ ಬ್ಯಾಡ್ರಿ,” ಅಂದಳು ಮೆಲ್ಲಗೆ. “ಬೀಜ ಮುಗಿಯೂತನಕ ಸುಮ್ಮ ಇರ್ರಿ.”

 ಮತ್ತೆ ಗುಡುಗಿತು, ಈ ಸಲ ಎತ್ತುಗಳು ಕಿವಿ ನಿಮಿರಿಸಿದವು. ಅವಳು ಸಿಟ್ಟಿನಿಂದ ತಿರುಗಿ ನೋಡಿದರೆ ಗಂಡನ ಎರಡೂ ಗಲ್ಲ ಎಲೆಯಿಂದ ಉಬ್ಬಿದ್ದವು, ತುಟಿ ಮುಚ್ಚಿತ್ತು, ಕಣ್ಣು ಮಾತ್ರ ಬಂಡಿಗಾಲಿಯಷ್ಟಾಗಿದ್ದವು. ಅವನು ಮಾತಾಡಲಾರದೆ ಕೈಯೆತ್ತಿ ಪಡುವಣ ತೋರಿಸಿದ. ವಿಜಾಪುರದ ಕಡೆ ಮುಗಿಲು ಎರಿ ಹೊಲದಂತೆ ಕಪ್ಪಾಗಿ ಎದ್ದು ಬರುತ್ತಿತ್ತು.

ಆಮೇಲಿನದೆಲ್ಲ ಓಟ. ಭೀಮಶ್ಯಾ ಎತ್ತಿನ ಬಾಲ ಮುಟ್ಟಿದ. ಬದುವಿನ ಮೇಲೆ ನಕ್ಕವರಲ್ಲಿ ಅರ್ಧ ಮಂದಿ ತಮ್ಮ ಬೀಜ ತರಲು ಊರ ಕಡೆ ಓಡಿದರು, ಉಳಿದರ್ಧ ಹರವಿ ಹೊತ್ತುಕೊಂಡು ಹಜರಾಬಿಯ ಜೊತೆ ಓಡಿದರು. ಕೊನೆಯ ಸಾಲು ತಿರುಗಿಸುವಾಗ ಹನಿ ಬಿತ್ತು, ಒಂದೊಂದು ಹನಿಗೂ ಧೂಳು ಪುಟ್ಟೆಂದು ಹಾರಿತು. ಬೀಜ ತರಲು ಹೋದವರು ದಾರಿಯಲ್ಲೇ ನೆನೆದು ಗಿಡದ ಕೆಳಗೆ ನಿಂತರು. ಸಂಜೆಯ ತನಕ ಬಿಡದೆ ಹೊಡೆಯಿತು. ಎಂಟು ದಿನ ಯಾರೂ ಎರಿಯಲ್ಲಿ ಕಾಲಿಡಲಿಲ್ಲ. ಆರನೆಯ ದಿನಕ್ಕೇ ಹಜರಾಬಿಯ ಹೊಲದಲ್ಲಿ ಹಸಿರು ಸೂಜಿ ಎದ್ದಿತ್ತು.

ಮಳೆ ಬಂದರೆ ಮುಗಿಯಿತೇ? ಹಿಂಗಾರಿ ಜೋಳಕ್ಕೆ ಥಂಡಿ ಬೇಕು, ಮುಂಜಾವಿನ ಮಂಜು ಕುಡಿದೇ ಅದು ತೆನೆ ಕಟ್ಟಬೇಕು. ಬೇವಿನ ಗಿಡದ ಮಂದಿ ಈಗ ಗಾಲಿ ಬಿಟ್ಟು ಕಿವಿ ನೋಡತೊಡಗಿದರು. ನಸುಕಿನ ಬಸ್ಸಿನಿಂದ ಇಳಿಯುವವರಲ್ಲಿ ಯಾರ ಕಿವಿ ಮುಚ್ಚಿದೆ, ಯಾರದು ತೆರೆದಿದೆ. ಮೂರು ವಾರ ಪಾಟಿಯ ಮೇಲೆ ನಾಲ್ಕೂ ಹೆಸರಿನ ಮುಂದೆ ‘ಕಿವಿ ಖುಲ್ಲಾ’ ಎಂದೇ ಇತ್ತು. ನನ್ನ ಪಾಠಕ್ಕೆ ತೆರೆಯದ ಕಿವಿ ಈಗ ತೆರೆದಾವಲ್ಲ ಎಂದು ಮಾಸ್ತರೂ ಒಂದು ಹಾಸ್ಯ ಮಾಡಿದರು.

ಒಂದು ಬೆಳಿಗ್ಗೆ ಇಂಡಿಯ ಬಸ್ಸು ಕೆಮ್ಮುತ್ತ ಬಂದು ನಿಂತಿತು. ಕಂಡಕ್ಟರ ತಲೆಗೆ ಮಫ್ಲರು ಸುತ್ತಿ ಗಂಟಲ ಕೆಳಗೆ ಗಂಟು ಹಾಕಿದ್ದ. ಅವನ ಹಿಂದೆ ಇಳಿದ ಮುದುಕಿ ಕಂಬಳಿಯೊಳಗಿಂದ ಮೂಗು ಮಾತ್ರ ತೋರಿಸಿದಳು. ಬಾಬುಲಾಲ ಸೀಮೆಸುಣ್ಣ ಹಿಡಿದವನು ಬರೆಯುವುದನ್ನೂ ಮರೆತು ಮನೆಗೆ ಓಡಿದ. ಓಟಕ್ಕೋ ಗಾಳಿಗೋ ಅವನ ಹಲ್ಲು ಕಟಕಟ ಹೊಡೆದುಕೊಳ್ಳುತ್ತಿದ್ದವು.

“ಹಜರಾ, ಥಂಡಿ ಬಂತು.”

ಹಜರಾಬಿ ರೊಟ್ಟಿ ಬಡಿಯುತ್ತಿದ್ದಳು. ಅವಳು ಬಾಗಿಲಿಗೆ ಬಂದು ನೋಡಲಿಲ್ಲ. ಅವನ ಹಲ್ಲಿನ ಸಪ್ಪಳ ಖರೇನೋ ನಾಟಕವೋ ಎಂದು ಕೇಳಲೂ ಇಲ್ಲ. ಹಿಟ್ಟಿನ ಕೈ ಒರೆಸಿಕೊಂಡು ಎದ್ದು, ಟ್ರಂಕು ತೆರೆದು, ಹೊದೆಯುವ ಎರಡೂ ಕೌದಿಯನ್ನು ತೆಗೆದು ಹಗ್ಗದ ಮೇಲೆ ಬಿಸಿಲಿಗೆ ಹಾಕಿದಳು.