ನೋವಿಲ್ಲದ ಶೂ

ನನ್ನ ಗಂಡ ಓಂಕಾರಪ್ಪನವರಿಗೆ ಹಟ ಜಾಸ್ತಿ, ಸಕ್ಕರೆ ಕಾಯಿಲೆ ಅದಕ್ಕಿಂತ ಜಾಸ್ತಿ. ಹೋದ ವರ್ಷ ಬಲಗಾಲಿನ ಕಿರುಬೆರಳು ತೆಗೆಸಿಯಾಗಿದೆ. "ಇನ್ನೊಂದು ಗಾಯವಾದರೆ ಬೆರಳಲ್ಲ, ಪಾದವೇ ಹೋಗುತ್ತೆ" ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ಇವರ ಮುಖ ನೋಡಿ ಹೇಳಿ ಪ್ರಯೋಜನವಿಲ್ಲವೆಂದು ಅವರಿಗೂ ಗೊತ್ತಾಗಿರಬೇಕು. ಮಳೆಗಾಲ ಮುಗಿಯುವವರೆಗೆ ತೋಟಕ್ಕೆ ಇಳಿಯಕೂಡದು, ಮನೆಯೊಳಗೇ ಸೈಕಲ್ ತುಳಿಯಬೇಕು ಎಂದು ಕಟ್ಟಪ್ಪಣೆಯಾಯಿತು.

ಸೈಕಲ್ ಬಂದು ಜಗಲಿಯಲ್ಲಿ ಕೂತಿತು. ತೊಂದರೆ ಶುರುವಾದದ್ದು ಶೂನಿಂದ. ಇವರ ಪಾದಕ್ಕೆ ಸ್ಪರ್ಶಜ್ಞಾನವಿಲ್ಲ, ಪೆಡಲಿನಿಂದ ಕಾಲು ಜಾರಿದರೂ ತಿಳಿಯದು. ಅದಕ್ಕೇ ಅಡಿಯಲ್ಲಿ ಕ್ಲಿಪ್ ಇದ್ದು ಪೆಡಲಿಗೆ ಕಚ್ಚಿಕೊಳ್ಳುವ ಶೂ ಬೇಕಾಯಿತು. ಚಿಕ್ಕಮಗಳೂರಿನಿಂದ ತಂದ ಮೊದಲ ಜೊತೆಯೊಳಗೆ ಕಾಲೇ ಹೋಗಲಿಲ್ಲ. ಎರಡನೆಯದು ಕಣಕಾಲಿಗೆ ಉಜ್ಜಿತು. ಫೋನಿನಲ್ಲಿ ವಾರವಿಡೀ ಹುಡುಕಿ ಮೂರನೆಯದನ್ನು ತರಿಸಿದೆ.

"ಇದು ಭಾರಿ ಆರಾಮ ಮಾರಾಯ್ತಿ. ಹಾಕ್ಕೊಂಡಿದ್ದೇ ಗೊತ್ತಾಗಲ್ಲ" ಎಂದರು. ಆ ಖುಷಿಗೆ ಅವತ್ತು ಅಕ್ಕಿರೊಟ್ಟಿ ಮಾಡಲೂ ಒಪ್ಪಿಬಿಟ್ಟೆ.

ಹದಿನೈದು ದಿನ ಕಳೆದಿರಬೇಕು. ಒಗೆಯಲು ತೆಗೆದುಕೊಂಡ ಕಾಲುಚೀಲದಲ್ಲಿ ರಕ್ತ. ಸಿಟ್ಟು ನೆತ್ತಿಗೇರಿತು. ಜೂನ್ ತಿಂಗಳಲ್ಲಿ ಕಾಲುಚೀಲದಲ್ಲಿ ರಕ್ತ ಕಂಡರೆ ನಮ್ಮ ಜಾವಳಿ ಕಡೆ ಯಾರೂ ಏನೆಂದು ಕೇಳುವುದಿಲ್ಲ. ಇಂಬಳ. ಮಳೆ ಬಿದ್ದ ತೋಟದಲ್ಲಿ ಹತ್ತು ಹೆಜ್ಜೆ ಇಟ್ಟರೆ ಸಾಕು, ಕಾಲಿಗೆ ಹತ್ತಿ, ಹೊಟ್ಟೆ ತುಂಬ ರಕ್ತ ಕುಡಿದು, ತಾನೇ ಉದುರುವ ಹುಳ ಅದು.

"ತೋಟಕ್ಕೆ ಹೋಗಿದ್ರಲ್ವಾ?"

"ಇಲ್ಲ ಮಾರಾಯ್ತಿ, ಜಗಲಿ ಬಿಟ್ಟು ಇಳಿದಿಲ್ಲ."

"ಮತ್ತೆ ಇಂಬಳ ಏನು, ಸೈಕಲ್ ಹೊಡ್ಕೊಂಡು ಬಂತಾ?"

ಅವರು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ತಪ್ಪು ಒಪ್ಪಿಕೊಂಡರೆಂದೇ ನಾನು ತಿಳಿದೆ. ಅಂಗಾಲಿನಲ್ಲಿ ಕಂಡ ಸಣ್ಣ ತೂತಿಗೆ ನಮ್ಮತ್ತೆ ಮಾಡುತ್ತಿದ್ದಂತೆ ರಕ್ತ ನಿಲ್ಲಲೆಂದು ಕಾಫಿಪುಡಿ ಒತ್ತಿ, ತೋಟಕ್ಕೆ ಹಾಕುವ ಗಮ್‌ಬೂಟನ್ನು ಕೋಣೆಗೆ ಹಾಕಿ ಬೀಗ ಜಡಿದೆ. ಮರುದಿನವೂ ರಕ್ತ, ಮತ್ತೆ ಕಾಫಿಪುಡಿ; ಅದರ ಮರುದಿನವೂ ಹಾಗೇ. ಬರಿಗಾಲಲ್ಲಿ ಹೋಗುತ್ತಿದ್ದೀರೆಂದು ಕೂಗಾಡಿದೆ. "ನನ್ನ ಮಾತು ನಂಬಲ್ವಲ್ಲ ನೀನು" ಎಂದು ಅವರು ತಟ್ಟೆ ಸರಿಸಿ ಎದ್ದರು. ಮೂವತ್ತೈದು ವರ್ಷದಲ್ಲಿ ಇವರು ನನಗೆ ಹೇಳಿದ ಸುಳ್ಳು ಒಂದೆರಡಲ್ಲ, ನಂಬುವುದು ಹೇಗೆ?

ಐದನೆಯ ದಿನ ಕಣ್ಣಾರೆ ಹಿಡಿಯಬೇಕೆಂದು ಬೆಳಿಗ್ಗೆಯಿಂದ ಅವರ ಬೆನ್ನು ಬಿಡಲಿಲ್ಲ. ತಿಂಡಿ ತಿಂದರು, ಪೇಪರ್ ಓದಿದರು, ಅರ್ಧ ಗಂಟೆ ಸೈಕಲ್ ತುಳಿದರು. ನನ್ನೆದುರೇ ಶೂ ಕಳಚಿದರು. ಬೆಳಿಗ್ಗೆ ನಾನೇ ತೊಡಿಸಿದ್ದ ಕಾಲುಚೀಲ ಕೆಂಪಗೆ ಒದ್ದೆಯಾಗಿತ್ತು. ಅಂಗಳಕ್ಕೂ ಇಳಿದಿರಲಿಲ್ಲ ಅವರು.

ಶೂ ಒಳಗೆ ಕೈ ಹಾಕಿದೆ. ಏನೋ ಚುಚ್ಚಿ ಕೈ ಎಳೆದುಕೊಂಡರೆ ಬೆರಳ ತುದಿಯಲ್ಲಿ ರಕ್ತ. ಒಳಗಿನ ಮೆತ್ತೆ ಕಿತ್ತು ನೋಡಿದೆ. ಅಡಿಯಿಂದ ಒಂದು ಸ್ಕ್ರೂ ಚೂಪಾಗಿ ಮೇಲೆದ್ದಿತ್ತು.

"ಇದೇನ್ರೀ?"

"ಕ್ಲಿಪ್ಪಿನ ಸ್ಕ್ರೂ ಬಿದ್ದೋಗಿತ್ತು. ಪಲ್ಪರಿಂದು ಹಳೇದೊಂದು ಹಾಕಿದ್ದೆ. ಸ್ವಲ್ಪ ಉದ್ದ ಆಯ್ತೇನೋ."

ತೋಟದಲ್ಲಿ ಏನು ಕಳಚಿದರೂ ಕಾಫಿ ಹಣ್ಣು ಸುಲಿಯುವ ಆ ಮಿಷನ್ನಿನ ಹಳೆಯ ಸ್ಕ್ರೂ ಹುಡುಕಿ ತಿರುಗಿಸಿಬಿಡುವುದು ಇವರ ಅಭ್ಯಾಸ. ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿಗೆ ತಿರುಗಿಸಿ, ಒದ್ದೆ ಬಟ್ಟೆಯಿಂದ ಒರೆಸಿದೆ. ಕಪ್ಪು ಹೋಗಲಿಲ್ಲ. ಮತ್ತೆ ಒರೆಸಿದೆ. ದಿನವೂ ನಾನು ಕಾಫಿಪುಡಿ ಎಂದುಕೊಂಡು ಬಿಟ್ಟಿದ್ದು ಕಾಫಿಪುಡಿಯಾಗಿರಲಿಲ್ಲ. ಹೆಬ್ಬೆರಳಿನ ಬುಡದವರೆಗೆ ಮಾಂಸವೇ ಕಪ್ಪಾಗಿತ್ತು.

ಅವರು ಪಾದದ ಕಡೆ ನೋಡಲೇ ಇಲ್ಲ. ರಕ್ತ ಜಿನುಗುತ್ತಿದ್ದ ನನ್ನ ಬೆರಳನ್ನು ತಮ್ಮ ಅಂಗಿಯ ತುದಿಯಲ್ಲಿ ಒತ್ತಿ ಹಿಡಿದರು.

"ತುಂಬಾ ನೋವಾಯ್ತಾ? ಮೊದ್ಲು ಮೂಡಿಗೆರೆಗೆ ಹೋಗಿ ಒಂದು ಇಂಜೆಕ್ಷನ್ ಹಾಕಿಸ್ಕೊಂಡು ಬಾ ಮಾರಾಯ್ತಿ. ತುಕ್ಕು ಹಿಡಿದ ಸ್ಕ್ರೂ ಅದು" ಎಂದರು.